ಊರು ಸಾಕಿಕೊಂಡ ತಂಡ

2014ರ ನವೆಂಬರ್ 23. ಸಿಯೋಲ್‌ನ ವಿಶ್ವಕಪ್ ಕ್ರೀಡಾಂಗಣದಲ್ಲಿ ದಕ್ಷಿಣ ಕೊರಿಯಾದ ಎಫ್‌ಎ ಕಪ್ ಫೈನಲ್. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಿದೆ, ಎರಡೂ ಕಡೆ ಗೋಲಿಲ್ಲ. ಸಿಯೋಂಗ್‌ನಾಮ್ ಎಫ್‌ಸಿಯ ಕೋಚ್ ಕಿಮ್ ಹಾಕ್ ಬೊಮ್ ತಮ್ಮ ಇನ್ನೊಬ್ಬ ಗೋಲ್‌ಕೀಪರ್ ಜೊನ್ ಸಾಂಗ್ ಊಕ್ ಅವರನ್ನು ಗೆರೆಯ ಪಕ್ಕಕ್ಕೆ ತಂದು ನಿಲ್ಲಿಸಿದ್ದಾರೆ. ಪೆನಾಲ್ಟಿ ತಡೆಯುವುದರಲ್ಲಿ ಪಳಗಿದ ಆಟಗಾರ. ಚೆಂಡು ಒಮ್ಮೆ ಹೊರಗೆ ಹೋದರೆ ಸಾಕು, ಕೀಪರ್ ಬದಲಾಗುತ್ತಾರೆ. ಇದನ್ನು ಎದುರಾಳಿ ಎಫ್‌ಸಿ ಸಿಯೋಲ್‌ನವರು ಗಮನಿಸಿಬಿಟ್ಟರು. ಗೋಲಿನ ಆಸೆ ಬಿಟ್ಟು ಚೆಂಡನ್ನು ತಮ್ಮತಮ್ಮೊಳಗೇ ಉರುಳಿಸುತ್ತ ಕಾಲ ತಳ್ಳಿದರು. ಚೆಂಡು ಹೊರಹೋಗಲೇ ಇಲ್ಲ. ರೆಫರಿ ಸೀಟಿ ಊದಿದಾಗ ಜೊನ್ ಇನ್ನೂ ಗೆರೆಯ ಪಕ್ಕದಲ್ಲೇ ನಿಂತಿದ್ದರು.

ಹೊರಗೆ ಬರಬೇಕಿದ್ದ ಪಾರ್ಕ್ ಜುನ್ ಹ್ಯೊಕ್ ಅವರೇ ಗೋಲಿನ ಮುಂದೆ ನಿಂತರು. ಕೋಚ್ ತನ್ನನ್ನು ನಂಬಲಿಲ್ಲ ಎಂದು ಗೊತ್ತಿದ್ದೂ ನಿಂತು, ಎದುರಾಳಿಯ ಹೊಡೆತ ತಡೆದರು. ಶೂಟೌಟ್‌ನಲ್ಲಿ ಸಿಯೋಂಗ್‌ನಾಮ್ 4–2ರಿಂದ ಗೆದ್ದಿತು.

ಆ ಗೆಲುವಿಗೆ ಇನ್ನೊಂದು ತೂಕವಿತ್ತು. ಕೊರಿಯಾದ ಫುಟ್‌ಬಾಲ್ ಲೀಗ್ 1983ರಲ್ಲಿ ಶುರುವಾದಾಗಿನಿಂದಲೂ ದೊಡ್ಡ ಕಂಪನಿಗಳ ಆಶ್ರಯದಲ್ಲೇ ಬೆಳೆದದ್ದು. ಉಲ್ಸಾನ್ ಮತ್ತು ಜೊನ್‌ಬುಕ್ ತಂಡಗಳ ಹಿಂದೆ ಹ್ಯುಂಡೈ, ಪೊಹಾಂಗ್‌ನ ಹಿಂದೆ ಉಕ್ಕಿನ ಕಂಪನಿ ಪೋಸ್ಕೊ, ಸುವೊನ್‌ನ ಹಿಂದೆ ಸ್ಯಾಮ್ಸಂಗ್, ಆ ದಿನ ಸೋತ ಎಫ್‌ಸಿ ಸಿಯೋಲ್‌ನ ಹಿಂದೆ ಜಿಎಸ್ ಸಮೂಹ. ಗೆದ್ದ ಸಿಯೋಂಗ್‌ನಾಮ್‌ನ ಮಾಲೀಕ ಮಾತ್ರ ಅದೇ ಹೆಸರಿನ ನಗರದ ಆಡಳಿತ. ಆಟಗಾರರ ಸಂಬಳಕ್ಕೆ ಹಣ ಮಂಜೂರು ಮಾಡುತ್ತಿದ್ದವರು ನಗರದ ಚುನಾಯಿತ ಸದಸ್ಯರು. ತಂಡ ನಗರದ ಕೈಗೆ ಬಂದು ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ.

ಈ ತಂಡದ ಕತೆಯಲ್ಲಿ ಕಪ್ಪುಗಳಿಗೇನೂ ಬರವಿಲ್ಲ. ಏಳು ಸಲ ಲೀಗ್ ಚಾಂಪಿಯನ್, ಎರಡು ಸಲ ಏಷ್ಯಾದ ಚಾಂಪಿಯನ್. ಆದರೆ ನನ್ನನ್ನು ಕಾಡುವುದು ಅದರ ಮನೆಯ ಪ್ರಶ್ನೆ. ಮೂರು ಊರು ಅಲೆದ ಈ ತಂಡವನ್ನು ಕೊನೆಗೆ ತನ್ನದೆಂದು ಬರೆಸಿಕೊಂಡದ್ದು, ಒಕ್ಕಲೆಬ್ಬಿಸಿದ ಜನರೇ ಕಟ್ಟಿದ ಒಂದು ಊರು.

*

1960ರ ದಶಕದಲ್ಲಿ ಸಿಯೋಲ್ ನಗರಕ್ಕೆ ಹಳ್ಳಿಗಳಿಂದ ಜನ ಹರಿದುಬಂದರು. ತೊರೆಗಳ ದಂಡೆಯಲ್ಲಿ, ಗುಡ್ಡಗಳ ಇಳಿಜಾರಿನಲ್ಲಿ ಹಲಗೆ, ತಗಡುಗಳ ಜೋಪಡಿಗಳು ಎದ್ದವು. ನಗರವನ್ನು ಚೆಂದಗಾಣಿಸಲು ಹೊರಟ ಆಡಳಿತ ಆ ಜನರನ್ನು ಲಾರಿಗಳಲ್ಲಿ ತುಂಬಿ ಆಗ್ನೇಯಕ್ಕಿದ್ದ ಗ್ವಾಂಗ್‌ಜು ತಾಲ್ಲೂಕಿನ ಗುಡ್ಡಗಾಡಿಗೆ ಸಾಗಿಸಿತು. ಒಂದೊಂದು ಕುಟುಂಬಕ್ಕೆ 20 ಪ್ಯೊಂಗ್, ಅಂದರೆ ಬೆಂಗಳೂರಿನ 20×30 ಸೈಟಿಗಿಂತ ತುಸು ದೊಡ್ಡದಾದ ಜಾಗ. ಕಾರ್ಖಾನೆ ಬರುತ್ತದೆ, ನೀರು ಬರುತ್ತದೆ, ರಸ್ತೆ ಬರುತ್ತದೆ ಎಂದು ಮಾತು ಕೊಟ್ಟಿದ್ದರು. ಬಂದವರಿಗೆ ಸಿಕ್ಕಿದ್ದು ಡೇರೆ ಮತ್ತು ಕೆಸರು. ಕೂಲಿಗೆ ಮತ್ತೆ ಸಿಯೋಲ್‌ಗೇ ಹೋಗಬೇಕು, ಹೋಗಲು ಬಸ್ಸು ಸಾಲದು.

ಹೀಗೆ ಲಕ್ಷಕ್ಕೂ ಮೀರಿ ಜನ ಸೇರಿದ್ದ ಜಾಗದಲ್ಲಿ ಆಡಳಿತ ನಿವೇಶನದ ದರ ಏರಿಸಿ, ಹಣವನ್ನು ಒಂದೇ ಗಂಟಿನಲ್ಲಿ ಕಟ್ಟಿ ಎಂದಿತು. 1971ರ ಆಗಸ್ಟ್ 10ರಂದು ಹತ್ತಾರು ಸಾವಿರ ಜನ ಬಯಲಿನಲ್ಲಿ ಸೇರಿ ಸಿಯೋಲ್ ಮೇಯರ್ ದಾರಿ ಕಾದರು. ಹೇಳಿದ ಹೊತ್ತಿಗೆ ಮೇಯರ್ ಬರಲಿಲ್ಲ. ಜನ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಬಂಧಿಸಲಾಯಿತು. ಸರ್ಕಾರ ಮಾತ್ರ ಅದೇ ದಿನ ಬೇಡಿಕೆಗಳಿಗೆ ಒಪ್ಪಿಕೊಂಡಿತು. ಮಿಲಿಟರಿ ಹಿನ್ನೆಲೆಯ ಪಾರ್ಕ್ ಚುಂಗ್ ಹೀ ದೇಶವನ್ನು ಬಿಗಿಹಿಡಿದಿದ್ದ ಕಾಲದಲ್ಲಿ ಬಡವರು ಬೀದಿಗಿಳಿದು ಗೆದ್ದದ್ದು ಸಣ್ಣ ಸಂಗತಿಯಲ್ಲ. 1973ರಲ್ಲಿ ಅದೇ ಜಾಗ ಸಿಯೋಂಗ್‌ನಾಮ್ ನಗರವಾಯಿತು. ಅರ್ಧ ಶತಮಾನದ ತನಕ 'ಗಲಭೆ' ಎಂದೇ ದಾಖಲೆಗಳಲ್ಲಿದ್ದ ಆ ಆಗಸ್ಟ್ ದಿನವನ್ನು ನಗರಾಡಳಿತ ಈಗ 'ನಾಗರಿಕರ ಚಳವಳಿ' ಎಂದು ಕರೆಯುತ್ತದೆ.

ಆಮೇಲೆ 1990ರ ದಶಕದಲ್ಲಿ ಅದೇ ನಗರದ ದಕ್ಷಿಣ ಭಾಗದಲ್ಲಿ ಬುಂಡಾಂಗ್ ಎಂಬ ಹೊಸ ಬಡಾವಣೆ ಎದ್ದಿತು. ಸಾಲುಸಾಲು ಅಪಾರ್ಟ್‌ಮೆಂಟುಗಳು, ಅಗಲವಾದ ರಸ್ತೆಗಳು. ಅದರ ಪಕ್ಕದ ಪಾಂಗ್ಯೊ ಇಂದು ಕೊರಿಯಾದ ಸಾಫ್ಟ್‌ವೇರ್ ಮತ್ತು ಗೇಮಿಂಗ್ ಕಂಪನಿಗಳ ತವರು. ಗುಡ್ಡದ ಮೇಲಿನ ಹಳೇ ಊರಿಗೂ ಬಯಲಿನ ಹೊಸ ಊರಿಗೂ ಹೆಸರೊಂದು ಬಿಟ್ಟರೆ ಸಮಾನವಾದದ್ದು ಬಹಳ ಇರಲಿಲ್ಲ. ಒಂದೇ ಊರಿನವರು ಎಂದುಕೊಳ್ಳಲು ಎರಡೂ ಕಡೆಯವರಿಗೆ ಏನಾದರೂ ಬೇಕಿತ್ತು. ಫುಟ್‌ಬಾಲ್ ಅದನ್ನು ಒದಗಿಸಬಹುದು ಎಂದು ಯಾರಿಗಾದರೂ ಹೊಳೆಯಲು ಇನ್ನೂ ಬಹಳ ವರ್ಷ ಹಿಡಿಯಿತು.

*

ತಂಡ ಹುಟ್ಟಿದ್ದು 1989ರಲ್ಲಿ, ಸಿಯೋಲ್‌ನಲ್ಲಿ. ಹೆಸರು ಇಲ್ಹ್ವಾ ಚೊನ್ಮಾ. ಗುರುತು ರೆಕ್ಕೆಯ ಕುದುರೆ. ಇಲ್ಹ್ವಾ ಎಂಬುದು ಜಿನ್ಸೆಂಗ್ ಬೇರಿನ ಉತ್ಪನ್ನಗಳನ್ನೂ ಬಾರ್ಲಿಯಿಂದ ಮಾಡಿದ ಮ್ಯಾಕ್‌ಕೋಲ್ ಎಂಬ ತಂಪು ಪಾನೀಯವನ್ನೂ ಮಾರುತ್ತಿದ್ದ ಕಂಪನಿ. ಕಂಪನಿಯ ಹಿಂದಿದ್ದವರು ಸನ್ ಮ್ಯುಂಗ್ ಮೂನ್. ಒಂದೇ ಕ್ರೀಡಾಂಗಣದಲ್ಲಿ ಸಾವಿರಾರು ಜೋಡಿಗಳಿಗೆ ಮದುವೆ ಮಾಡಿಸಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಚಿತ್ರವಾಗಿ ಬಂದ ಯುನಿಫಿಕೇಷನ್ ಚರ್ಚಿನ ಸ್ಥಾಪಕರು. ಮೂನ್ ಅವರಿಗೆ ಫುಟ್‌ಬಾಲ್ ಅಂದರೆ ಪ್ರಾಣ. ಹಣ ಸುರಿಯಲು ಹಿಂದೆಮುಂದೆ ನೋಡಿದವರಲ್ಲ.

ಮೊದಲ ಕೋಚ್ ಪಾರ್ಕ್ ಜೋಂಗ್ ಹ್ವಾನ್. 1983ರಲ್ಲಿ ಮೆಕ್ಸಿಕೊದಲ್ಲಿ ನಡೆದ ಯುವ ವಿಶ್ವಕಪ್‌ನಲ್ಲಿ ಕೊರಿಯಾ ಹುಡುಗರನ್ನು ಸೆಮಿಫೈನಲ್‌ಗೆ ಒಯ್ದು ದೇಶವನ್ನೇ ಬೆರಗುಗೊಳಿಸಿದವರು. ಅವರ ಕೈಕೆಳಗೆ ಇಲ್ಹ್ವಾ 1993, 1994, 1995ರಲ್ಲಿ ಸತತ ಮೂರು ಲೀಗ್ ಗೆದ್ದಿತು. 1995ರ ಕೊನೆಯಲ್ಲಿ ರಿಯಾದ್‌ನಲ್ಲಿ ಸೌದಿಯ ಅಲ್ ನಸ್ರ್ ತಂಡವನ್ನು ಹೆಚ್ಚುವರಿ ಸಮಯದ ಒಂದೇ ಗೋಲಿನಿಂದ ಮಣಿಸಿ ಏಷ್ಯಾದ ಕಿರೀಟವನ್ನೂ ತಂದಿತು. 1992ರಲ್ಲಿ ಸೇರಿದ್ದ ಶಿನ್ ಟೇ ಯೋಂಗ್ ಎಂಬ ಹುಡುಗ ಮಧ್ಯಮೈದಾನದಲ್ಲಿ ಆಟ ಕಟ್ಟುತ್ತಿದ್ದ. ಮುಂದೆ ಹದಿಮೂರು ಋತು ಇದೇ ತಂಡಕ್ಕೆ ಆಡಿ 99 ಗೋಲು ಹೊಡೆದವರು ಅವರೇ. 2018ರ ವಿಶ್ವಕಪ್‌ನಲ್ಲಿ ಜರ್ಮನಿಯನ್ನು 2–0ಯಿಂದ ಸೋಲಿಸಿದ ಕೊರಿಯಾ ತಂಡದ ಕೋಚ್ ಕೂಡ ಅವರೇ.

ಆ ದಿನಗಳ ಇಲ್ಹ್ವಾದಲ್ಲಿ ನನಗೆ ಅತಿ ಪ್ರಿಯವಾದ ವ್ಯಕ್ತಿ ಗೋಲ್‌ಕೀಪರ್ ವಲೇರಿ ಸರಿಚೆವ್. ತಾಜಿಕಿಸ್ತಾನದ ದುಶಾಂಬೆಯಲ್ಲಿ ಹುಟ್ಟಿ, ಮಾಸ್ಕೋದ ಟಾರ್ಪಿಡೊ ತಂಡಕ್ಕೆ ಆಡಿ, ಸೋವಿಯತ್ ಒಕ್ಕೂಟ ಒಡೆದ ಹೊತ್ತಿಗೆ ದೂರದ ಕೊರಿಯಾಕ್ಕೆ ಬಂದವರು. ಅವರನ್ನು ದಾಟಿ ಗೋಲು ಹೊಡೆಯುವುದು ಎಷ್ಟು ಕಷ್ಟವಾಯಿತೆಂದರೆ, ಮಿಕ್ಕ ತಂಡಗಳೂ ಹೊರದೇಶದ ಕೀಪರ್‌ಗಳನ್ನು ಹುಡುಕಿಕೊಂಡು ಹೊರಟವು. ಕೊರಿಯಾದ ಹುಡುಗರಿಗೆ ಗೋಲಿನ ಮುಂದೆ ನಿಲ್ಲುವ ಅವಕಾಶವೇ ತಪ್ಪಿತು. ಗಾಬರಿಯಾದ ಲೀಗ್ ಮೊದಲು ವಿದೇಶಿ ಕೀಪರ್‌ಗಳು ಆಡುವ ಪಂದ್ಯಗಳಿಗೆ ಮಿತಿ ಹಾಕಿ, 1999ರಿಂದ ಪೂರ್ತಿ ನಿಷೇಧಿಸಿತು. ಒಬ್ಬ ಆಟಗಾರ ಚೆನ್ನಾಗಿ ಆಡಿದ್ದಕ್ಕೆ ಒಂದು ದೇಶ ತನ್ನ ನಿಯಮವನ್ನೇ ತಿದ್ದಿತು. ಸರಿಚೆವ್ ಊರು ಬಿಡಲಿಲ್ಲ. 2000ದಲ್ಲಿ ಕೊರಿಯಾದ ಪೌರತ್ವ ಪಡೆದು, ಅಭಿಮಾನಿಗಳು ಇಟ್ಟಿದ್ದ 'ದೇವರ ಕೈ' ಎಂಬ ಅಡ್ಡಹೆಸರನ್ನೇ ಶಿನ್ ಯಿ ಸೊನ್ ಎಂದು ತಮ್ಮ ಹೆಸರಾಗಿ ಬರೆಸಿದರು. ಕೊರಿಯಾದಲ್ಲಿ ಪ್ರತಿ ಮನೆತನಕ್ಕೂ ಒಂದು ಮೂಲಸ್ಥಳ ಇರಬೇಕು. ತಾವು ಅಭ್ಯಾಸ ಮಾಡುತ್ತಿದ್ದ ಗುರಿ ಪಟ್ಟಣವನ್ನೇ ಮೂಲವಾಗಿಸಿ 'ಗುರಿಯ ಶಿನ್' ಎಂಬ ಹೊಸ ಮನೆತನಕ್ಕೆ ಆದಿಪುರುಷರಾದರು. ಮತ್ತೆ ಮೈದಾನಕ್ಕಿಳಿದು ಅದೇ ವರ್ಷ ಆನ್ಯಾಂಗ್ ತಂಡದೊಂದಿಗೆ ಲೀಗ್ ಗೆದ್ದರು. ಆಗ ಅವರಿಗೆ ನಲವತ್ತು.

*

ಗೆಲ್ಲುತ್ತಿದ್ದ ತಂಡಕ್ಕೆ ಊರು ಮಾತ್ರ ದಕ್ಕಲಿಲ್ಲ. 2002ರ ವಿಶ್ವಕಪ್ ಆತಿಥ್ಯದ ಮೇಲೆ ಕಣ್ಣಿಟ್ಟಿದ್ದ ಕೊರಿಯಾ, ಫುಟ್‌ಬಾಲ್ ರಾಜಧಾನಿಯಾಚೆಗೂ ಹಬ್ಬಬೇಕೆಂದು 1996ರಲ್ಲಿ ಸಿಯೋಲ್‌ನ ತಂಡಗಳನ್ನೆಲ್ಲ ಹೊರಗೆ ಕಳಿಸಿತು. ಇಲ್ಹ್ವಾ ದಕ್ಷಿಣಕ್ಕೆ ಚೊನಾನ್ ಎಂಬ ಪಟ್ಟಣಕ್ಕೆ ಹೋಯಿತು. ಅಲ್ಲಿನ ಮೈದಾನಕ್ಕೆ ರಾತ್ರಿ ಪಂದ್ಯ ಆಡಲು ದೀಪಗಳೇ ಇರಲಿಲ್ಲ. ಚಾಂಪಿಯನ್ ತಂಡ ಅಲ್ಲಿ ಪಟ್ಟಿಯ ತಳಕ್ಕೆ ಜಾರಿತು. 1999ರಲ್ಲಿ ಎಫ್‌ಎ ಕಪ್ ಗೆದ್ದದ್ದೊಂದೇ ಸಮಾಧಾನ. 2000ದಲ್ಲಿ ಮತ್ತೆ ಗಂಟುಮೂಟೆ ಕಟ್ಟಿ ಸಿಯೋಂಗ್‌ನಾಮ್‌ಗೆ ಬಂತು.

ಅಲ್ಲಿ ತಂಡಕ್ಕೆ ಸಿಕ್ಕ ಮೊದಲ ಮೈದಾನದ ಬಗ್ಗೆ ಕನ್ನಡದ ಓದುಗರಿಗೆ ಹೇಳಲೇಬೇಕಾದ ಒಂದು ಮಾತಿದೆ. ಹಳೇ ಊರಿನ ಆ ಸಿಯೋಂಗ್‌ನಾಮ್ ಕ್ರೀಡಾಂಗಣ 1988ರ ಒಲಿಂಪಿಕ್ಸ್‌ನ ಹಾಕಿ ಮೈದಾನ. ಕೊಡಗಿನ ಎಂ. ಎಂ. ಸೋಮಯ್ಯ ನಾಯಕರಾಗಿ ಭಾರತ ತಂಡವನ್ನು ಕಣಕ್ಕಿಳಿಸಿದ್ದು ಅಲ್ಲೇ. ಆ ವರ್ಷ ಭಾರತ ಆರನೇ ಸ್ಥಾನಕ್ಕೆ ಇಳಿಯಿತು. ನಮ್ಮವರ ನೆನಪಿನಲ್ಲಿ ಆ ಮೈದಾನ ಹೀಗೆ ಕಹಿಯಾಗಿಯೇ ಉಳಿದಿದೆ.

ಇಲ್ಹ್ವಾಗೂ ಅಲ್ಲಿ ಸಿಹಿಯೇನೂ ಕಾದಿರಲಿಲ್ಲ. ನಗರದ ಪ್ರೊಟೆಸ್ಟೆಂಟ್ ಚರ್ಚುಗಳು ಮೂನ್ ಅವರ ಪಂಥವನ್ನು ಕ್ರೈಸ್ತ ಧರ್ಮವೆಂದೇ ಒಪ್ಪುತ್ತಿರಲಿಲ್ಲ. ಆ ಪಂಥದ ತಂಡ ನಮ್ಮ ಊರಿನ ಹೆಸರು ಹೊರುವುದು ಬೇಡ ಎಂದು ಬೀದಿಗಿಳಿದವು. ಮತಗಳ ಲೆಕ್ಕ ಹಾಕುವ ರಾಜಕಾರಣಿಗಳಿಗೆ ತಂಡದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲೂ ಅಳುಕು. ತಂಡವೇನೋ ಮತ್ತೆ ಗೆಲ್ಲತೊಡಗಿತು. 2001, 2002, 2003ರಲ್ಲಿ ಮತ್ತೊಂದು ಹ್ಯಾಟ್ರಿಕ್. 2003ರಲ್ಲಿ ಕಿಮ್ ದೊ ಹೂನ್ ಒಬ್ಬರೇ 28 ಗೋಲು. ಸ್ಪೇನ್‌ನ ರಿಯಲ್ ಮ್ಯಾಡ್ರಿಡ್ ನೆನಪಿಸುವಂತೆ ಪತ್ರಿಕೆಗಳು 'ರಿಯಲ್ ಸಿಯೋಂಗ್‌ನಾಮ್' ಎಂದು ಬರೆದವು. 2006ರಲ್ಲಿ ಏಳನೆಯ ಲೀಗ್. ಜೊನ್‌ಬುಕ್ ತಂಡ 2020ರಲ್ಲಿ ಎಂಟನೆಯದನ್ನು ಗೆಲ್ಲುವವರೆಗೂ ಯಾರೂ ಈ ಲೆಕ್ಕವನ್ನು ದಾಟಲಿಲ್ಲ. ಆದರೂ ಗ್ಯಾಲರಿಗಳು ತುಂಬಲಿಲ್ಲ. ಹಳದಿ ಅಂಗಿಯ ಆ ತಂಡ ಊರಿನ ನಡುವೆ ಇದ್ದೂ ಊರಿಗೆ ಬಾಡಿಗೆಯವರಂತೆಯೇ ಉಳಿಯಿತು.

2004ರ ಏಷ್ಯಾ ಚಾಂಪಿಯನ್ಸ್ ಲೀಗ್ ಫೈನಲ್ ಅನ್ನು ಸಿಯೋಂಗ್‌ನಾಮ್‌ನ ಹಳಬರು ಈಗಲೂ ನೋವಿನಿಂದ ನೆನೆಯುತ್ತಾರೆ. ಮೊದಲ ಪಂದ್ಯ ಜೆದ್ದಾದಲ್ಲಿ. ಅಲ್ ಇತ್ತಿಹಾದ್ ತಂಡವನ್ನು ಅದರ ನೆಲದಲ್ಲೇ 3–1ರಿಂದ ಸೋಲಿಸಿ ಬಂದರು. ತವರಿನಲ್ಲಿ ಒಂದು ಗೋಲಿನಿಂದ ಸೋತರೂ ಕಪ್ ತಮ್ಮದೇ. ಡಿಸೆಂಬರ್ 1ರ ಚಳಿಯಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಸೋತದ್ದು 0–5ರಿಂದ. ಮೂರು ಲೀಗ್ ಗೆದ್ದುಕೊಟ್ಟಿದ್ದ ಕೋಚ್ ಚಾ ಕ್ಯೊಂಗ್ ಬೊಕ್ ಆ ಸೋಲಿನ ಬೆನ್ನಲ್ಲೇ ಕೆಳಗಿಳಿದರು. ಆರು ವರ್ಷದ ನಂತರ, 2010ರ ನವೆಂಬರ್ 13ರಂದು ಟೋಕಿಯೊದಲ್ಲಿ ಶಿನ್ ಟೇ ಯೋಂಗ್ ಕೋಚ್ ಆಗಿ ಅದೇ ಕಪ್ ತಂದರು. ಅಷ್ಟರಲ್ಲಿ ಕಂಪನಿಯ ಕೈ ಬಿಗಿಯಾಗಿತ್ತು, ಹಳೇ ವೈಭವದ ತಾರೆಯರಿರಲಿಲ್ಲ. ಇರಾನಿನ ಜೊಬ್ ಅಹಾನ್ ವಿರುದ್ಧ 3–1. ಆಟಗಾರನಾಗಿಯೂ ಕೋಚ್ ಆಗಿಯೂ ಏಷ್ಯಾದ ಈ ಕಪ್ ಗೆದ್ದವರಲ್ಲಿ ಶಿನ್ ಮೊದಲಿಗರು.

*

2012ರ ಸೆಪ್ಟೆಂಬರ್‌ನಲ್ಲಿ ಸನ್ ಮ್ಯುಂಗ್ ಮೂನ್ ತೀರಿಕೊಂಡರು. ಒಬ್ಬ ಮನುಷ್ಯನ ಪ್ರೀತಿಯ ಮೇಲೆ ನಿಂತಿದ್ದ ತಂಡಕ್ಕೆ ಆತನಿಲ್ಲದ ಮೇಲೆ ವರ್ಷ ಕಳೆಯುವುದೂ ಕಷ್ಟವಾಯಿತು. 2013ರಲ್ಲಿ ಸಂಸ್ಥೆ ಹಣ ನಿಲ್ಲಿಸುವುದಾಗಿ ಹೇಳಿತು. ಆನ್‌ಸಾನ್ ಎಂಬ ಇನ್ನೊಂದು ನಗರ ತಂಡವನ್ನು ಕರೆದೊಯ್ಯಲು ಮುಂದೆ ಬಂತು. ಸಿಯೋಲ್, ಚೊನಾನ್, ಸಿಯೋಂಗ್‌ನಾಮ್ ಆಯಿತು, ಈಗ ನಾಲ್ಕನೇ ಊರು.

ಖಾಲಿ ಗ್ಯಾಲರಿಗಳಲ್ಲಿ ಇಷ್ಟು ವರ್ಷ ಕೂತಿದ್ದ ಆ ಕೆಲವೇ ಅಭಿಮಾನಿಗಳು ಆಗ ಎದ್ದು ನಿಂತರು. ನಗರಾಡಳಿತದ ಬಾಗಿಲಿಗೆ ಹೋದರು, ತಂಡವನ್ನು ಉಳಿಸಿಕೊಳ್ಳಿ ಎಂದು ಸಹಿ ಸಂಗ್ರಹಿಸಿದರು. ಆಗ ಮೇಯರ್ ಆಗಿದ್ದವರು ಲೀ ಜೆ ಮ್ಯುಂಗ್, ಇಂದು ದಕ್ಷಿಣ ಕೊರಿಯಾದ ಅಧ್ಯಕ್ಷರು. 1976ರಲ್ಲಿ ಬಡ ಕುಟುಂಬವೊಂದರ ಹುಡುಗನಾಗಿ ಇದೇ ಸಿಯೋಂಗ್‌ನಾಮ್‌ನ ಗುಡ್ಡದ ಮೇಲಿನ ಓಣಿಗೆ ಬಂದು, ಶಾಲೆಯ ಬದಲು ಕಾರ್ಖಾನೆಗೆ ಹೋಗಿ, ಯಂತ್ರಕ್ಕೆ ಸಿಕ್ಕಿ ಒಂದು ತೋಳು ಊನವಾಗಿ, ಮುಂದೆ ಓದಿ ವಕೀಲರಾದವರು. 2010ರಲ್ಲಿ ಮೇಯರ್ ಆದ ಕೂಡಲೇ ನಗರದ ಸಾಲ ತೀರಿಸಲು ಸದ್ಯ ಆಗದು ಎಂದು ಬಹಿರಂಗವಾಗಿ ಘೋಷಿಸಿದ್ದರು. ಅಂಥ ನಗರ ಫುಟ್‌ಬಾಲ್ ತಂಡವೊಂದನ್ನು ಸಾಕುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. 2013ರ ಅಕ್ಟೋಬರ್ 2ರಂದು ಅವರು ತಂಡವನ್ನು ನಗರವೇ ವಹಿಸಿಕೊಳ್ಳುವುದಾಗಿ ಪ್ರಕಟಿಸಿದರು.

ಇದು ರಾಜಕೀಯವೂ ಹೌದು. ಊರಿನ ಹಳೇ ಭಾಗವನ್ನೂ ಬುಂಡಾಂಗ್ ಅನ್ನೂ ಒಂದೇ ಗ್ಯಾಲರಿಯಲ್ಲಿ ಕೂರಿಸಿದ ಮೇಯರ್‌ಗೆ ಅದರಿಂದ ಲಾಭವೂ ಇತ್ತು. ಆದರೂ ಆ ತೀರ್ಮಾನವನ್ನು ನಾನು ಸರಿಯೆಂದೇ ಬಗೆಯುತ್ತೇನೆ. ಉದ್ಯಾನಕ್ಕೆ, ಗ್ರಂಥಾಲಯಕ್ಕೆ, ಈಜುಕೊಳಕ್ಕೆ ನಗರ ಹಣ ಕೊಡುವಾಗ ಲಾಭ ಎಷ್ಟು ಬಂತು ಎಂದು ಯಾರೂ ಕೇಳುವುದಿಲ್ಲ. ಬೇರಿಲ್ಲದ ಜನ ಬಂದು ನೆಲೆಸಿದ ಊರಿಗೆ ತನ್ನದು ಎಂದು ಕೂಗಲು ಒಂದು ತಂಡ ಇರುವುದು ಅಷ್ಟೇ ಸಾರ್ವಜನಿಕ ಅಗತ್ಯ.

2014ರ ಜನವರಿಯಲ್ಲಿ ಹೊಸ ತಂಡ ಹೊರಬಂತು: ಸಿಯೋಂಗ್‌ನಾಮ್ ಎಫ್‌ಸಿ. ರೆಕ್ಕೆಯ ಕುದುರೆ ಹೋಗಿ ನಗರದ ಹಕ್ಕಿ ಮ್ಯಾಗ್‌ಪೈ ಬಂತು, ಹಳದಿ ಹೋಗಿ ಕಪ್ಪು ಬಂತು. ಮ್ಯಾಗ್‌ಪೈ ಕಾಗೆಯ ಬಳಗದ್ದು, ನಮ್ಮ ಮಟಪಕ್ಷಿಯ ನೆಂಟ. ನಮ್ಮಲ್ಲಿ ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಎನ್ನುವಂತೆ, ಬೆಳಗ್ಗೆ ಮ್ಯಾಗ್‌ಪೈ ಕೂಗಿದರೆ ಬೇಕಾದವರು ಬರುತ್ತಾರೆ ಎಂಬುದು ಕೊರಿಯಾದವರ ನಂಬಿಕೆ. ಬಂದವರು ಹಳಬರೇ: ಕಾಲು ಶತಮಾನದ ಹಿಂದೆ ತಂಡ ಕಟ್ಟಿದ್ದ ಪಾರ್ಕ್ ಜೋಂಗ್ ಹ್ವಾನ್ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಕೋಚ್ ಆದರು. ಅದು ಬಹಳ ದಿನ ನಡೆಯಲಿಲ್ಲ. ಅಭ್ಯಾಸದ ವೇಳೆ ಆಟಗಾರರ ಮೇಲೆ ಕೈಮಾಡಿದರೆಂಬ ಗದ್ದಲವೆದ್ದು ಏಪ್ರಿಲ್‌ನಲ್ಲೇ ಕೆಳಗಿಳಿದರು. ಹಳೇ ಕಾಲದ ಕೊರಿಯಾದಲ್ಲಿ ಕೋಚ್ ಹೊಡೆಯುವುದು ಸುದ್ದಿಯೇ ಅಲ್ಲ. ತೆರಿಗೆದಾರರ ತಂಡದಲ್ಲಿ ಅದು ನಡೆಯದು ಎಂದು ಊರಿಗೆ ಊರೇ ಹೇಳಿದ್ದು ನನಗೆ ಮೆಚ್ಚುಗೆಯಾದ ಸಂಗತಿ. ಪಾರ್ಕ್ 2023ರಲ್ಲಿ ತೀರಿಕೊಂಡರು. ಅವರು ಗೆದ್ದುಕೊಟ್ಟ ಮೂರು ಲೀಗ್‌ಗಳ ನೆನಪಿಗೆ ಆ ಗದ್ದಲದಿಂದ ಕುಂದೇನೂ ಬರಬೇಕಿಲ್ಲ.

ಆ ವರ್ಷ ಕೋಚ್‌ಗಳು ಮೇಲಿಂದ ಮೇಲೆ ಬದಲಾದರು. ಸೆಪ್ಟೆಂಬರ್‌ನಲ್ಲಿ ಬಂದ ಕಿಮ್ ಹಾಕ್ ಬೊಮ್ ಎಫ್‌ಎ ಕಪ್ ಗೆಲ್ಲಿಸಿ, ಅದೇ ವಾರ ಲೀಗ್‌ನ ಕೊನೆಯ ಪಂದ್ಯವನ್ನೂ ಗೆದ್ದು ತಂಡವನ್ನು ಹಿಂಬಡ್ತಿಯಿಂದ ಪಾರುಮಾಡಿದರು. ಕಪ್ ಗೆದ್ದದ್ದಕ್ಕೆ ಏಷ್ಯಾ ಚಾಂಪಿಯನ್ಸ್ ಲೀಗ್‌ಗೆ ಅವಕಾಶ ಸಿಕ್ಕಿತು. 2015ರ ಮೇ ತಿಂಗಳಲ್ಲಿ, ಬುಂಡಾಂಗ್‌ನ ತಾನ್‌ಚೊನ್ ಮೈದಾನಕ್ಕೆ ಚೀನಾದ ಗ್ವಾಂಗ್‌ಜೌ ಎವರ್‌ಗ್ರಾಂಡ್ ತಂಡ ಬಂತು. ಆಗ ಏಷ್ಯಾದಲ್ಲೇ ಅತಿ ಹೆಚ್ಚು ಹಣ ಚೆಲ್ಲುತ್ತಿದ್ದ ತಂಡ ಅದು. ಕೋಚ್ ಆಗಿದ್ದವರು ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಫ್ಯಾಬಿಯೊ ಕನವಾರೊ. ಕೊನೆಯ ಗಳಿಗೆಯಲ್ಲಿ ಕಿಮ್ ದೂ ಹ್ಯೊನ್ ಹೊಡೆದ ಪೆನಾಲ್ಟಿಯಿಂದ ಸಿಯೋಂಗ್‌ನಾಮ್ 2–1ರಿಂದ ಗೆದ್ದಿತು. ಚೀನಾದಲ್ಲಿ ನಡೆದ ಮರುಪಂದ್ಯದಲ್ಲಿ 0–2ರಿಂದ ಸೋತು ಹೊರಬಿತ್ತು, ನಿಜ. ಆ ಸಲದ ಏಷ್ಯಾ ಚಾಂಪಿಯನ್ ಕೂಡ ಎವರ್‌ಗ್ರಾಂಡೇ. ಆದರೆ ಕೊರಿಯಾದ ನಗರಾಡಳಿತದ ತಂಡವೊಂದು ಅಷ್ಟು ದೂರ ಹೋದದ್ದು ಅದೇ ಮೊದಲು. ಆ ರಾತ್ರಿ ತಾನ್‌ಚೊನ್ ಗ್ಯಾಲರಿ ತುಂಬಿತ್ತು.

ಆ ಋತುವಿನಲ್ಲಿ ಆಟಗಾರರ ಎದೆಯ ಮೇಲೆ 'ರೋಲಿಂಗ್ ಜುಬಿಲಿ' ಎಂಬ ಹೆಸರಿತ್ತು. ಬಡವರ ಹಳೇ ವಸೂಲಾಗದ ಸಾಲಗಳನ್ನು ಬ್ಯಾಂಕುಗಳಿಂದ ಚಿಲ್ಲರೆ ಬೆಲೆಗೆ ಕೊಂಡು, ಆ ಪತ್ರಗಳನ್ನು ಹರಿದುಹಾಕುವ ಸಾಲಮನ್ನಾ ಆಂದೋಲನ ಅದು. ಒಕ್ಕಲೆಬ್ಬಿಸಿದವರ ಊರಿನ ತಂಡಕ್ಕೆ ಅದಕ್ಕಿಂತ ಒಪ್ಪುವ ಹೆಸರು ಇನ್ನೊಂದಿರಲಾರದು ಎಂದು ಆಗ ಅನಿಸಿತ್ತು. ಆ ಅಂಗಿಯ ಹಿಂದಿನ ಹಣವೇ ಮುಂದೆ ನ್ಯಾಯಾಲಯ ಮುಟ್ಟಿತು.

*

2016ರ ಋತು ಶುರುವಾದಾಗ ಉತ್ಸಾಹ ತುಂಬಿ ತುಳುಕುತ್ತಿತ್ತು. ನೆರೆಯ ಸುವೊನ್ ನಗರದ ಪಾಲಿಕೆ ತಂಡ ಸುವೊನ್ ಎಫ್‌ಸಿ ಮೊದಲ ದರ್ಜೆಗೆ ಬಡ್ತಿ ಪಡೆದಿತ್ತು. ಇಬ್ಬರು ಮೇಯರ್‌ಗಳು, ಲೀ ಜೆ ಮ್ಯುಂಗ್ ಮತ್ತು ಸುವೊನ್‌ನ ಯೊಮ್ ಟೇ ಯೊಂಗ್, ಟ್ವಿಟರ್‌ನಲ್ಲಿ ಕೆಣಕಾಡುತ್ತ ಪಣ ಕಟ್ಟಿದರು: ಸೋತವರ ನಗರ ಸಭಾಭವನದ ಮುಂದೆ ಗೆದ್ದ ತಂಡದ ಬಾವುಟ ಹಾರಬೇಕು. 'ಬಾವುಟದ ಡರ್ಬಿ' ಎಂದು ಜನ ಹೆಸರಿಟ್ಟರು. ಮಾರ್ಚ್ 19ರಂದು ಸುವೊನ್‌ನ ಮೈದಾನ ಕಿಕ್ಕಿರಿಯಿತು. ಬ್ರೆಜಿಲ್‌ನ ಟಿಯಾಗೊ ಕಾರ್ನರ್‌ನಿಂದ ನೇರವಾಗಿ ಗೋಲಿಗೇ ಬಾರಿಸಿದರು, ಸುವೊನ್ ಸಮ ಮಾಡಿತು, 1–1. ಜುಲೈನಲ್ಲಿ ಸುವೊನ್ ಗೆದ್ದಿತು. ಸಿಯೋಂಗ್‌ನಾಮ್ ನಗರ ಸಭಾಭವನದ ಮುಂದೆ ಸುವೊನ್ ಎಫ್‌ಸಿಯ ಬಾವುಟ ಏರಿತು. ಕಂಪನಿಗಳ ತಂಡಗಳು ಆಡುವ ಲೀಗ್‌ನಲ್ಲಿ ಎರಡು ಊರುಗಳು ಹೀಗೆ ಹುಡುಗರಂತೆ ಜಗಳವಾಡಿ, ಸೋತವರು ಮಾತು ಉಳಿಸಿಕೊಂಡದ್ದು ಆಟಕ್ಕೆ ಶೋಭೆ ತಂದ ಗಳಿಗೆ.

ಅದೇ ವರ್ಷದ ಮೇ 1ರಂದು ಇನ್ನೊಂದು ಘಟನೆ ನಡೆಯಿತು. 2014ರ ಫೈನಲ್‌ನಲ್ಲಿ ಗೆರೆಯ ಪಕ್ಕ ನಿಂತೇ ಉಳಿದ ಜೊನ್ ಸಾಂಗ್ ಊಕ್ ಅವರಿಗೆ ಕ್ಯಾನ್ಸರ್ ಎಂದು ತಿಳಿದುಬಂದಿತ್ತು. ಚಿಕಿತ್ಸೆಗೆ ಹೊರಡುವ ಮೊದಲು, ಗ್ವಾಂಗ್‌ಜು ಎಫ್‌ಸಿ ವಿರುದ್ಧದ ಪಂದ್ಯದ ಕೊನೆಯ ನಿಮಿಷಗಳಲ್ಲಿ ಕೋಚ್ ಅವರನ್ನು ಮೈದಾನಕ್ಕಿಳಿಸಿದರು. ಈ ಸಲ ಬದಲಿ ಆಗುವಂತೆ ಜೊತೆಯ ಆಟಗಾರರು ನೋಡಿಕೊಂಡರು.

ಆಮೇಲೆ ಎಲ್ಲವೂ ಕುಸಿಯಿತು. ಗೋಲಿನ ಯಂತ್ರವಾಗಿದ್ದ ಟಿಯಾಗೊ ಋತುವಿನ ನಡುವೆ ಸೌದಿಗೆ ಮಾರಾಟವಾದರು. ಸೆಪ್ಟೆಂಬರ್‌ನಲ್ಲಿ ಕಿಮ್ ಹಾಕ್ ಬೊಮ್ ಹೋದರು. ನವೆಂಬರ್‌ನಲ್ಲಿ ಗಾಂಗ್‌ವೊನ್ ಎದುರಿನ ಪ್ಲೇಆಫ್‌ನ ಎರಡೂ ಪಂದ್ಯ ಡ್ರಾ. ಪರಸ್ಥಳದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಸಿಯೋಂಗ್‌ನಾಮ್ ಎರಡನೇ ದರ್ಜೆಗೆ ಇಳಿಯಿತು. ಏಳು ಲೀಗ್ ಗೆದ್ದ ತಂಡ. 2018ರಲ್ಲಿ ಮತ್ತೆ ಮೇಲೆ ಬಂದದ್ದೂ ಅರ್ಧ ಅದೃಷ್ಟದಿಂದ: ಎರಡನೇ ದರ್ಜೆ ಗೆದ್ದ ಆಸಾನ್ ಪೊಲೀಸರ ತಂಡಕ್ಕೆ, ಪೊಲೀಸ್ ಇಲಾಖೆ ಹೊಸ ಆಟಗಾರರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದರಿಂದ ಬಡ್ತಿ ಇಲ್ಲವೆಂದಾಗಿ, ಎರಡನೇ ಸ್ಥಾನದ ಸಿಯೋಂಗ್‌ನಾಮ್ ಏರಿತು.

*

ನಗರಾಡಳಿತ ಮಾಲೀಕನಾದರೆ ಕೊರಿಯಾದ ಪದ್ಧತಿಯಂತೆ ಮೇಯರೇ ತಂಡದ ಯಜಮಾನ. ಕ್ಲಬ್ಬಿನ ಮುಖ್ಯಸ್ಥರನ್ನು ನೇಮಿಸುವುದು ಅವರ ಕೈಯಲ್ಲಿ, ಬಜೆಟ್ ಪಾಸು ಮಾಡುವುದು ನಗರಸಭೆಯ ಕೈಯಲ್ಲಿ. ಸಭೆಯಲ್ಲಿ ಎದುರು ಪಕ್ಷದ ಬಲ ಹೆಚ್ಚಿದರೆ ತಂಡದ ಅನುದಾನವೇ ಮೇಯರ್ ಮೇಲಿನ ಸಿಟ್ಟಿಗೆ ಗುರಿಯಾಗುತ್ತದೆ. ಅನುದಾನ ಸಾಲದೆ ಹೋದಾಗ ಮೇಯರ್ ಊರಿನ ಕಂಪನಿಗಳ ಕಡೆ ನೋಡುತ್ತಾರೆ. ಕಂಪನಿಗಳಿಗೋ ಅದೇ ಮೇಯರ್ ಕಚೇರಿಯಿಂದ ಕಟ್ಟಡದ ಪರವಾನಗಿ, ಭೂಬಳಕೆ ಬದಲಾವಣೆ ಬೇಕಿರುತ್ತದೆ. ಯಾರೂ ಕೆಟ್ಟವರಲ್ಲದಿದ್ದರೂ ಅನುಮಾನ ಹುಟ್ಟಲು ಇಷ್ಟು ಸಾಕು.

2023ರ ಮಾರ್ಚ್‌ನಲ್ಲಿ ಪ್ರಾಸಿಕ್ಯೂಟರ್‌ಗಳು ಲೀ ಜೆ ಮ್ಯುಂಗ್ ವಿರುದ್ಧ ಆರೋಪಪಟ್ಟಿ ಸಲ್ಲಿಸಿದರು. ಮೇಯರ್ ಆಗಿದ್ದಾಗ ಪರವಾನಗಿಗಳಿಗೆ ಪ್ರತಿಯಾಗಿ ಕೆಲವು ಕಂಪನಿಗಳಿಂದ ಸಿಯೋಂಗ್‌ನಾಮ್ ಎಫ್‌ಸಿಗೆ ಸುಮಾರು 1,330 ಕೋಟಿ ವಾನ್, ನಮ್ಮ ಲೆಕ್ಕದಲ್ಲಿ 80 ಕೋಟಿ ರೂಪಾಯಿ ಆಸುಪಾಸು, ಪ್ರಾಯೋಜಕತ್ವದ ಹೆಸರಿನಲ್ಲಿ ಕೊಡಿಸಿದರು ಎಂಬುದು ಆರೋಪ. ಸಾಲಮನ್ನಾ ಆಂದೋಲನದ ಮೂಲಕ ಬಂದ ಹಣವೂ ಅದರಲ್ಲಿ ಸೇರಿತ್ತು. ಲೀ ಇದನ್ನು ಪೂರ್ತಿ ಅಲ್ಲಗಳೆದರು: ಹಣ ಬಂದದ್ದು ನಗರದ ತಂಡಕ್ಕೆ, ಜಾಹೀರಾತಿಗೆ ಪ್ರತಿಯಾಗಿ, ತಮ್ಮ ಜೇಬಿಗೆ ಒಂದು ಕಾಸೂ ಬಂದಿಲ್ಲ ಎಂಬುದು ಅವರ ವಾದ. 2025ರ ಜೂನ್‌ನಲ್ಲಿ ಅವರು ದೇಶದ ಅಧ್ಯಕ್ಷರಾದ ಮೇಲೆ ಅವರ ಮೇಲಿನ ವಿಚಾರಣೆಗಳು ನಿಂತಿವೆ. ತಪ್ಪು ಸರಿ ನ್ಯಾಯಾಲಯ ಹೇಳಬೇಕಾದದ್ದು. ಆದರೆ ಈ ಎಲ್ಲದರ ನಡುವೆ ತಂಡದ ಹೆಸರು ವರ್ಷಗಟ್ಟಲೆ ಕ್ರೀಡಾಪುಟ ಬಿಟ್ಟು ಮುಖಪುಟದಲ್ಲಿ ಹಗರಣವಾಗಿ ಬರುತ್ತಿತ್ತು. ಆ ಅಂಗಿ ತೊಟ್ಟು ಆಡುತ್ತಿದ್ದ ಹುಡುಗರಲ್ಲಿ ಬಹುಪಾಲಿಗೆ ಆ ಹಣ ಬಂದ ಕಾಲದಲ್ಲಿ ತಂಡದ ಜೊತೆ ಸಂಬಂಧವೇ ಇರಲಿಲ್ಲ.

2022ರ ಬೇಸಿಗೆಯಲ್ಲಿ ಎದುರು ಪಕ್ಷದ ಶಿನ್ ಸಾಂಗ್ ಜಿನ್ ಮೇಯರ್ ಆಗಿ ಬಂದರು. ಭ್ರಷ್ಟಾಚಾರಕ್ಕೆ ಹೆಸರಾದ ತಂಡಕ್ಕೆ ಯಜಮಾನನಾಗಿ ಇರಲು ತಮಗೆ ಮನಸ್ಸಿಲ್ಲ ಎಂಬರ್ಥದ ಮಾತು ಪತ್ರಿಕೆಯಲ್ಲಿ ಬಂತು. ಮಾರಾಟದ ಸುದ್ದಿ ಹಬ್ಬಿತು. ಆಗ ತಂಡ ಲೀಗ್‌ನ ತಳದಲ್ಲಿತ್ತು, ಕೋಚ್ ಕಿಮ್ ನಾಮ್ ಇಲ್ ಆಗಷ್ಟೇ ರಾಜೀನಾಮೆ ಕೊಟ್ಟಿದ್ದರು. ಆಗಸ್ಟ್ 28ರಂದು ತಾನ್‌ಚೊನ್‌ಗೆ ಬಂದದ್ದು ಅದೇ ಸುವೊನ್ ಎಫ್‌ಸಿ. ತಂಡವನ್ನು ಮಾರಬೇಡಿ ಎಂದು ಗ್ಯಾಲರಿಯ ತುಂಬ ಬ್ಯಾನರ್‌ಗಳು. ನಾಳೆ ತಂಡ ಇರುತ್ತದೋ ಇಲ್ಲವೋ ಎಂಬ ಆಟಗಾರರು ಅಂದು 2–1ರಿಂದ ಗೆದ್ದರು. ಋತುವಿನ ಕೊನೆಗೆ ಕಡೆಯ ಸ್ಥಾನವೇ ಗಟ್ಟಿಯಾಗಿ ಮತ್ತೆ ಎರಡನೇ ದರ್ಜೆಗೆ ಇಳಿದರು. 2024ರಲ್ಲಿ ಅಲ್ಲೂ 13 ತಂಡಗಳಲ್ಲಿ ಹದಿಮೂರನೆಯದು.

ಮಾರಾಟ ನಡೆಯಲಿಲ್ಲ. ಡೇಜೊನ್ ನಗರ ತನ್ನ ತಂಡವನ್ನು 2020ರಲ್ಲಿ ಹಣಕಾಸು ಸಂಸ್ಥೆಯೊಂದಕ್ಕೆ ಒಪ್ಪಿಸಿದ್ದು, ಆ ತಂಡ ಈಗ ಮೊದಲ ದರ್ಜೆಯಲ್ಲಿ ಚೆನ್ನಾಗಿ ಆಡುತ್ತಿರುವುದು ಎದುರಿಗಿರುವ ಉದಾಹರಣೆ. ಸಿಯೋಂಗ್‌ನಾಮ್ ಕೂಡ ಹಾಗೆ ಮಾಡಲಿ ಎನ್ನುವವರು ಇದ್ದಾರೆ. ಆ ವಾದವನ್ನು ನಾನು ಒಪ್ಪಲಾರೆ. ಈ ತಂಡ ಶ್ರೀಮಂತನೊಬ್ಬನ ಕೈಯಲ್ಲಿ ಇಪ್ಪತ್ತಮೂರು ವರ್ಷ ಇತ್ತು. ಕಪ್ಪುಗಳು ಬಂದವು, ಆತ ಸತ್ತ ಮರುವರ್ಷವೇ ತಂಡ ಬೀದಿಗೆ ಬಿತ್ತು. ಮೇಯರ್‌ಗಳ ಕೈಯಲ್ಲಿ ಸೋಲು ಹೆಚ್ಚು, ಆದರೆ ಬೀದಿಗೆ ಬಿದ್ದಿಲ್ಲ, ಏಕೆಂದರೆ ಮಾರುತ್ತೇನೆ ಎಂದ ಯಜಮಾನನಿಗೆ ಬೇಡ ಎಂದು ಹೇಳುವ ಹಕ್ಕು ಊರಿನವರಿಗೆ ಇದೆ. ಆಗಬೇಕಾದದ್ದು ಯಜಮಾನಿಕೆಯನ್ನು ಮೇಯರ್ ಕುರ್ಚಿಯಿಂದ ಬಿಡಿಸುವುದು. ಅನುದಾನವನ್ನು ನಾಲ್ಕು ವರ್ಷದ ಚುನಾವಣೆಗೆ ಸಿಕ್ಕದ ಹಾಗೆ ಮೊದಲೇ ನಿಗದಿ ಮಾಡಬೇಕು, ಪ್ರಾಯೋಜಕರ ಹಣದ ಪ್ರತಿ ಒಪ್ಪಂದವನ್ನೂ ಅಂದೇ ಜನರ ಮುಂದಿಡಬೇಕು, ಆಡಳಿತ ಮಂಡಳಿಯಲ್ಲಿ ತಾನ್‌ಚೊನ್ ಗ್ಯಾಲರಿಯಲ್ಲಿ ಕೂರುವವರಿಗೂ ಮತ ಇರಬೇಕು. 1971ರ ಆಗಸ್ಟ್‌ನಲ್ಲಿ ಮೇಯರ್‌ಗಾಗಿ ಕಾದು ಸಾಕಾದ ಜನರ ಮಕ್ಕಳು, ಮೊಮ್ಮಕ್ಕಳು ಆ ಗ್ಯಾಲರಿಯಲ್ಲಿದ್ದಾರೆ. ತಮ್ಮ ಊರನ್ನು ತಾವೇ ಕೇಳಿ ಪಡೆದವರಿಗೆ ಒಂದು ತಂಡವನ್ನು ನಡೆಸುವುದು ಹೊಸ ಕೆಲಸವೇನಲ್ಲ.